ವೇಲ್ಸಪ್ಪನ ಕೊನೆಯ ನಿಮಿಷ

ನಮ್ಮ ಮಾಮನಿಗೆ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಜೀವದ ಗೆಳೆಯ. ಇಬ್ಬರೂ ಒಮ್ಮೆಯೂ ಭೇಟಿಯಾಗಿಲ್ಲ. ಇನ್ನು ಮುಂದೆ ಭೇಟಿಯಾಗುವ ಸಂಭವವೂ ಕಡಿಮೆ, ಏಕೆಂದರೆ ಆ ಗೆಳೆಯ ತೀರಿಕೊಂಡು ನೂರು ವರ್ಷ ಎಂದೋ ಆಗಿರಬೇಕು! ಅದೊಂದು ಸಣ್ಣ ಅಡಚಣೆ ಬಿಟ್ಟರೆ ಅವರ ಸ್ನೇಹಕ್ಕೆ ಇಂದಿನವರೆಗೆ ಒಂದು ಚೂರೂ ಕುಂದು ಬಂದಿಲ್ಲ. ಜಗಳವಿಲ್ಲ, ಮುನಿಸಿಲ್ಲ, ‘ಮೊನ್ನೆ ಮದುವೆಗೆ ಯಾಕೆ ಬರಲಿಲ್ಲ’ ಎಂಬ ಆಕ್ಷೇಪಣೆಯಿಲ್ಲ. ನಿಮಗಿರುವ ಬದುಕಿರುವ ಗೆಳೆಯರಲ್ಲಿ ಇಂಥವರು ಎಷ್ಟು ಜನ ಇದ್ದಾರೆ, ಹೇಳಿ ನೋಡೋಣ?

ಗೆಳೆಯ ವೇಲ್ಸ್ ಎಂಬ ದೇಶದವನು, ಫುಟ್‌ಬಾಲ್ ಆಡುತ್ತಿದ್ದವನು. ಅದರಲ್ಲೂ ಮೈದಾನದ ಎಡ ಅಂಚನ್ನೇ ಹಿಡಿದು ಓಡುತ್ತಿದ್ದ ಆಟಗಾರ, ಆಟದ ಭಾಷೆಯಲ್ಲಿ ವಿಂಗರ್. ವೇಲ್ಸ್ ಎಲ್ಲಿದೆ ಎಂದು ನೀವು ನಕ್ಷೆ ಬಿಚ್ಚುವ ಮೊದಲೇ ಹೇಳಿಬಿಡುತ್ತೇನೆ, ಇಂಗ್ಲೆಂಡಿನ ಎಡಕ್ಕಿದೆ. ಈ ‘ಎಡಕ್ಕೆ’ ಎಂಬುದನ್ನು ಮಾಮ ಒತ್ತಿ ಹೇಳುತ್ತಾನೆ. ದೇಶವೇ ಎಡ ಅಂಚಿಗಿದ್ದ ಮೇಲೆ ಅಲ್ಲಿ ಹುಟ್ಟಿದವನು ಮತ್ತೆಲ್ಲಿ ಆಡಬೇಕು ಎಂಬುದು ಅವನ ವಾದ. ಆ ಆಟಗಾರನಿಗೆ ಉದ್ದನೆಯ ಇಂಗ್ಲಿಷ್ ಹೆಸರೊಂದು ಇದೆ, ಮಾಮನ ನಾಲಿಗೆಗೆ ಅದು ಎಂದೂ ಒಗ್ಗಲಿಲ್ಲ. ಹಾಗಾಗಿ ಸಿಂದಗಿ ಕಡೆಯ ನಮ್ಮ ಮಾಮ, ಸಿಂದಗಿ ಕಡೆಯ ಪದ್ಧತಿಯಂತೆಯೇ ಅವನಿಗೊಂದು ಹೆಸರಿಟ್ಟ: ವೇಲ್ಸಪ್ಪ.

ಇವರಿಬ್ಬರ ಪರಿಚಯ ಆದದ್ದು ಗೋವಾದ ಸಾಂಗೆಯಲ್ಲಿ, ಗಣಿ ಕೂಲಿಗಳ ತಗಡಿನ ಶೆಡ್ಡಿನಲ್ಲಿ. ಮಾಮನಿಗಾಗ ಇಪ್ಪತ್ತಾರರ ಸುಮಾರು. ಮಳೆಗಾಲದಲ್ಲಿ ಆ ತಗಡಿನ ಸಂದಿಯಿಂದ ಗಾಳಿ ಸೀಟಿ ಹೊಡೆಯುತ್ತ ಒಳಗೆ ಬರುತ್ತಿತ್ತಂತೆ. ಅದಕ್ಕೆ ಎಲ್ಲರೂ ಮಾಡುತ್ತಿದ್ದ ಉಪಾಯವೆಂದರೆ ಮೈದಾ ಹಿಟ್ಟಿನ ಅಂಟು ಕುದಿಸಿ ಗೋಡೆಗೆ ಹಳೆಯ ಕಾಗದ ಬಡಿಯುವುದು. ಕನ್ನಡ, ಮರಾಠಿ, ಇಂಗ್ಲಿಷ್ ಯಾವುದಾದರೂ ನಡೆಯುತ್ತಿತ್ತು, ಗಾಳಿಗೆ ಓದು ಬರುವುದಿಲ್ಲವಲ್ಲ! ಹಾಗೆ ಮಾಮನ ಹಾಸಿಗೆಯ ಪಕ್ಕಕ್ಕೆ ಬಂದು ಅಂಟಿಕೊಂಡವನು ಈ ಮಹಾಶಯ. ಯಾವುದೋ ದಪ್ಪ ಇಂಗ್ಲಿಷ್ ಪುಸ್ತಕದ ಒಂದು ಪುಟ, ಅದರ ಮೇಲ್ಭಾಗದಲ್ಲಿ ಅವನ ಚಿತ್ರ. ಹುರಿ ಮಾಡಿದ ಮೀಸೆ, ತಲೆಗೆ ಟೊಪ್ಪಿಗೆ, ಮೊಣಕಾಲಿನವರೆಗೆ ಚಡ್ಡಿ, ಎದೆಯ ಮೇಲೆ ಕಟ್ಟಿದ ಕೈ. ಮಾಮ ನಾಲ್ಕು ವರ್ಷ ಮಲಗುವಾಗ ಅವನ ಮುಖ ನೋಡಿ ಮಲಗಿದ, ಏಳುವಾಗ ಅವನ ಮುಖ ನೋಡಿ ಎದ್ದ. ಚಡ್ಡಿ ಹಾಕಿಕೊಂಡೂ ಇಷ್ಟು ಗತ್ತಿನಿಂದ ನಿಂತ ಮನುಷ್ಯನನ್ನು ಅವನು ಅದುವರೆಗೆ ನೋಡಿರಲಿಲ್ಲ.

ಅಲ್ಲಿಯ ಗುತ್ತಿಗೆ ಮುಗಿದು ಮಾಮ ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಸರಕು ಏರಿಸುವ ಗ್ಯಾಂಗು ಸೇರಿದ. ಶೆಡ್ಡು ಬಿಡುವ ದಿನ ಉಳಿದವರು ಪಾತ್ರೆ, ಹಾಸಿಗೆ ಕಟ್ಟಿಕೊಂಡರೆ ಇವನು ಗೋಡೆಯ ಮುಂದೆ ಕೂತು ನೀರು ಚಿಮುಕಿಸಿ ಚಿಮುಕಿಸಿ ಆ ಪುಟ ಬಿಡಿಸಿಕೊಂಡ. ಮುಕ್ಕಾಲು ಪುಟ ಚೆನ್ನಾಗಿಯೇ ಬಂತು. ಕೆಳಗಿನ ಕೊನೆಯ ನಾಲ್ಕು ಬೆರಳಿನಷ್ಟು ಕಾಗದ ಮಾತ್ರ ತಗಡಿಗೇ ಕಚ್ಚಿಕೊಂಡು ಉಳಿಯಿತು. ಆಗ ಮಾಮ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮೀಸೆ ಬಂದಿದೆ, ಕಾಲು ಬಂದಿವೆ, ಮತ್ತೇನು ಬೇಕು?

ತಲೆ ಕೆಟ್ಟದ್ದು ಬಂದರಿನ ಊರಾದ ವಾಸ್ಕೋಗೆ ಬಂದು ಆ ಪುಟವನ್ನು ಓದಿಸಿದ ಮೇಲೆ. ಮಾಮ ಬಾಡಿಗೆಗಿದ್ದ ಚಾಳಿನ ಪಕ್ಕದ ಮನೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದರು, ಗೋವಾದವರೇ, ಮುಂದೆ ಅದೇ ಚಾಳಿನಲ್ಲಿ ಬೆಳೆದ ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ಅವರು ಇಂಗ್ಲಿಷಿನಲ್ಲಿ ಓದಿ, ಕೊಂಕಣಿಯಲ್ಲಿ ಯೋಚಿಸಿ, ಹಿಂದಿಯಲ್ಲಿ ಹೇಳಿದರು. ಮಾಮ ಅದನ್ನು ಸಿಂದಗಿಯ ಕನ್ನಡದಲ್ಲಿ ಕೇಳಿಸಿಕೊಂಡ. ನಾಲ್ಕು ಭಾಷೆಗಳ ಗಡಿ ದಾಟಿ ಬರುವಷ್ಟರಲ್ಲಿ ಕಥೆಯಲ್ಲಿ ಜೋಳದ ರೊಟ್ಟಿ ಸೇರಿಕೊಂಡಿತ್ತು! ‘ವೇಲ್ಸಪ್ಪ ಹನ್ನೆರಡನೇ ವರ್ಷಕ್ಕೇ ಬುತ್ತಿ ಕಟ್ಟಿಕೊಂಡು ಕಲ್ಲಿದ್ದಲು ಗಣಿಗೆ ಇಳಿದ’ ಎಂದು ಮಾಮ ಶುರು ಮಾಡುತ್ತಿದ್ದ. ಬುತ್ತಿಯಲ್ಲಿ ಏನಿತ್ತೆಂದು ಕೇಳಿದರೆ ಎರಡು ರೊಟ್ಟಿ, ಶೇಂಗಾ ಚಟ್ನಿ ಎನ್ನುತ್ತಿದ್ದ. ಮುಂದೆ ನಾನೇ ಆ ಪುಟ ಓದಿದೆ. ಗಣಿ ಇದೆ. ಬುತ್ತಿಯ ಸುದ್ದಿ ಎಲ್ಲಿಯೂ ಇಲ್ಲ.

ಉಳಿದದ್ದೆಲ್ಲ ನಿಜವೇ. ವಾರವೆಲ್ಲ ಗಣಿಯ ಕೆಲಸ, ಶನಿವಾರ ಅರ್ಧ ದಿನ ರಜೆ. ಮೇಲೆ ಬಂದವನೇ ಬಕೆಟ್ಟಿನ ನೀರಿನಲ್ಲಿ ಮುಖ ತೊಳೆದು ಮೈದಾನಕ್ಕೆ ಓಡುತ್ತಿದ್ದ. ಮೊದಲ ಬೂಟು ಬೇರೊಬ್ಬನದು, ಎರಡು ಅಳತೆ ದೊಡ್ಡದು, ಮುಂದೆ ಚಿಂದಿ ತುರುಕಿಕೊಂಡು ಆಡಿದ. ದೇಶದ ತಂಡಕ್ಕೆ ಆಯ್ಕೆಯಾದ ತಂತಿ ಬಂದಾಗ ಇವನು ಭೂಮಿಯ ಒಳಗಿದ್ದ, ಜೊತೆಯವರು ಅದನ್ನು ಕಲ್ಲಿದ್ದಲಿನ ತೊಟ್ಟಿಯಲ್ಲಿಟ್ಟು ಕೆಳಗೆ ಇಳಿಸಿದರು. ಕಿವಿಯೊಳಗೆ ಇದ್ದಲಿನ ಪುಡಿ ಇರುವಾಗಲೇ ದೇಶಕ್ಕಾಗಿ ಆಡಿದ. ಆ ಕಾಲದಲ್ಲಿ ಗೋಲಿಗೆ ಬಲೆ ಇರಲಿಲ್ಲ. ಚೆಂಡು ಕಂಬದ ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ ಎಂದು ಹೊಡೆದಾಡಿಕೊಳ್ಳಲು ಎಲ್ಲರಿಗೂ ಸಮಾನ ಅವಕಾಶವಿತ್ತು!

ಹೀಗೆ ಕಥೆ ಏರುತ್ತ ಏರುತ್ತ ಅವನ ಅತಿ ದೊಡ್ಡ ಪಂದ್ಯಕ್ಕೆ ಬಂತು. ಎರಡೂ ಕಡೆ ಸಮಸಮ. ಇನ್ನು ಒಂದೇ ನಿಮಿಷ ಬಾಕಿ. ಎಡ ಅಂಚಿನಲ್ಲಿ ಚೆಂಡು ವೇಲ್ಸಪ್ಪನ ಕಾಲಿಗೆ ಬಂತು, ಜನ ಎದ್ದು ನಿಂತರು, ಅವನು...

ಅಂಕಲ್ ಕನ್ನಡಕ ತೆಗೆದರು. ಮುಂದಿನ ನಾಲ್ಕು ಬೆರಳು ಸಾಂಗೆಯ ತಗಡಿನ ಮೇಲಿತ್ತು.

ಮರುದಿನವೇ ಮಾಮ ಕೆಲಸಕ್ಕೆ ರಜೆ ಹಾಕಿ ಸಾಂಗೆಯ ಬಸ್ಸು ಹತ್ತಿದ. ಶೆಡ್ಡು ಕಿತ್ತು ತಗಡನ್ನೆಲ್ಲ ಯಾರ್ಯಾರೋ ಒಯ್ದಾಗಿತ್ತು. ಇವನು ಬಿಡಬೇಕಲ್ಲ! ಊರ ಮನೆಗಳ ತಗಡನ್ನೆಲ್ಲ ಕತ್ತೆತ್ತಿ ನೋಡುತ್ತ ನೋಡುತ್ತ, ಕೊನೆಗೆ ಒಂದು ಕೋಳಿಗೂಡಿನ ಮೇಲೆ ಕಾಗದ ಕಚ್ಚಿದ ತಗಡು ಕಂಡು ಸೀದಾ ಅದರ ಮೇಲೆ ಹತ್ತಿಬಿಟ್ಟ. ಮನೆಯ ಅಜ್ಜಿ ಹೊರಗೆ ಬಂದು, “ಕಿತೆಂ ಸೊದ್ತಾ ರೆ?” ಎಂದಳು. ಏನು ಹುಡುಕುತ್ತಿದ್ದೀಯ ಎಂದು ಕೇಳಿದರೆ ಏನು ಹೇಳಬೇಕು? ವೇಲ್ಸ್ ದೇಶದ ಆಟಗಾರನ ಕೊನೆಯ ನಿಮಿಷವನ್ನು ಎನ್ನಬೇಕೆ? ಮಾಮ ಹಲ್ಲು ಕಿರಿದ. ಅಜ್ಜಿ ಇವನನ್ನು ಗೂಡು ರಿಪೇರಿಗೆ ಮಗ ಕಳಿಸಿದ ಆಳು ಎಂದುಕೊಂಡು, ಆ ತಗಡು ಸರಿಸು, ಈ ಕಲ್ಲು ಹೇರು ಎಂದು ಸಂಜೆಯವರೆಗೆ ದುಡಿಸಿದಳು. ತಗಡಿನ ಮೇಲೆ ಮೈದಾದ ಕಲೆ ಬಿಟ್ಟರೆ ಒಂದು ಅಕ್ಷರವೂ ಉಳಿದಿರಲಿಲ್ಲ. ಮಾಮ ಕೊನೆಯ ನಿಮಿಷ ಹುಡುಕಲು ಹೋದವನು ಆರು ಮೊಟ್ಟೆ ಹಿಡಿದುಕೊಂಡು ವಾಪಸ್ ಬಂದ.

ಆ ವರ್ಷವೇ ಅವನ ಮದುವೆಯಾಯಿತು. ಅತ್ತೆ ಬದಾಮಿ ಕಡೆಯವಳು, ಅಚ್ಚುಕಟ್ಟಿನ ಹೆಂಗಸು. ವಾಸ್ಕೋದ ಖೋಲಿಗೆ ಕಾಲಿಟ್ಟಾಗ ಗೋಡೆಯ ಮೇಲೆ ಕಟ್ಟು ಹಾಕಿಸಿದ ಚಿತ್ರ, ಅದಕ್ಕೊಂದು ಪ್ಲಾಸ್ಟಿಕ್ಕಿನ ಮಾಲೆ. ಹುರಿ ಮೀಸೆ, ತಲೆಗೆ ಟೊಪ್ಪಿಗೆ. ಕಾಗದದ ಕೆಳಗಿನ ಅರ್ಧವನ್ನು, ಅಂದರೆ ಚಡ್ಡಿಯನ್ನೂ ಬರಹವನ್ನೂ, ಮಾಮ ಹಿಂದಕ್ಕೆ ಮಡಚಿ ಕಟ್ಟು ಹಾಕಿಸಿದ್ದ. ಹೊಸ ಸೊಸೆ ಇದನ್ನು ನೋಡಿ ಏನು ತಿಳಿಯಬೇಕು? ಗಂಡನ ಮನೆಯ ಹಿರಿಯರು ಎಂದು ತಲೆಯ ಮೇಲೆ ಸೆರಗು ಹೊದ್ದು ನಮಸ್ಕಾರ ಮಾಡಿದಳು.

ಮಾನಮಿ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ಹಿರಿಯರಿಗೆ ಎಡೆ ಹಿಡಿಯುವ ದಿನ. ತೀರಿಕೊಂಡವರ ಫೋಟೊ ತೊಳೆದು, ವಿಭೂತಿ ಹಚ್ಚಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಲ್ಲಿಡಬೇಕು. ಅತ್ತೆ ಹೋಳಿಗೆ ಮಾಡಿ, ಕಟ್ಟಿನ ಸಾರು ಮಾಡಿ, ಮಾಮ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಬಂದು ಕೇಳಿದಳು.

“ಇವ್ರಿಗೆ ಏನ ಭಾಳ ಸೇರತಿತ್ತ್ರಿ?”

ಮಾಮ ಕನ್ನಡಿಯಿಂದ ಕಣ್ಣು ತೆಗೆಯದೆ, “ಎಡಗಡೆ,” ಎಂದ.

ಅತ್ತೆ ಒಳಗೆ ಹೋಗಿ ಹಾಗೆಯೇ ಎಡೆ ಇಟ್ಟಳು. ಹೋಳಿಗೆ ಎಡಕ್ಕೆ, ತುಪ್ಪ ಎಡಕ್ಕೆ, ಚಹಾ ಎಡಕ್ಕೆ. ದೊಡ್ಡವರ ಮನೆಯಲ್ಲಿ ಏನೇನೋ ಪದ್ಧತಿಗಳಿರುತ್ತವೆ, ಹೊಸದಾಗಿ ಬಂದವಳು ಬಾಯಿ ಹಾಕಬಾರದು ಎಂದು ಹನ್ನೊಂದು ವರ್ಷ ಎಲ್ಲವನ್ನೂ ಎಡಕ್ಕೇ ಇಟ್ಟಳು! ಮಾಮ ಅದನ್ನು ನೋಡಿದ, ಸುಮ್ಮನಿದ್ದ. ಇಂಥ ಅಮೋಘ ವ್ಯವಸ್ಥೆಯನ್ನು ಯಾರು ತಾನೇ ಕೆಡಿಸಿಕೊಳ್ಳುತ್ತಾರೆ?

ಹನ್ನೆರಡನೆಯ ವರ್ಷ ಊರಿನಿಂದ ನನ್ನ ಅಜ್ಜಿ, ಅಂದರೆ ಮಾಮನ ತಾಯಿ, ಗೋವಾ ನೋಡಲು ಬಂದಳು. ಅಮಾವಾಸ್ಯೆಯ ಎಡೆಯ ಮುಂದೆ ಕೂತು, ಕಣ್ಣು ಕಿರಿದು ಮಾಡಿ ಚಿತ್ರ ನೋಡಿದಳು. “ಇಂವ ಯಾರ ಬೇ?” ಎಂದಳು. ಅತ್ತೆಯ ಕೈಯಲ್ಲಿದ್ದ ತುಪ್ಪದ ಬಟ್ಟಲು ಅಲ್ಲಿಯೇ ನಿಂತಿತು. ನಿಮ್ಮ ಮಾವನವರಲ್ಲವೇ ಎಂದು ಅವಳು ಕೇಳಿದಳು. ಅಜ್ಜಿ, ನನ್ನ ಮಾವನಿಗೆ ಮೀಸೆಯೇ ಬರುತ್ತಿರಲಿಲ್ಲ ಎಂದಳು.

ಆ ದಿನ ಚಾಳಿನಲ್ಲಿ ಆದ ರಂಪ ನಾನು ಕಣ್ಣಾರೆ ಕಂಡಿದ್ದೇನೆ. ಮಾಮ ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ಒಂದು ತಾಸು ಹೊರಗೆ ಬರಲಿಲ್ಲ. ಹೊರಗೆ ಬಂದಾಗ ಅತ್ತೆ ಎಡೆಯನ್ನು ಎತ್ತಿಬಿಟ್ಟಿದ್ದಾಳೆ ಎಂದೇ ತಿಳಿದಿದ್ದ. ಎಡೆ ಇದ್ದಲ್ಲಿಯೇ ಇತ್ತು. ಅತ್ತೆ ಗಂಡನ ಮುಖ ನೋಡದೆ ಹೇಳಿದಳು. “ಹನ್ನೊಂದ ವರ್ಷ ಉಂಡಾನ. ಈಗ ಒಮ್ಮಿಗಲೇ ಬಿಟ್ರ ಪಾಪ ಎಲ್ಲಿ ಹೋಗ್ಯಾನು?” ಅಂದಿನಿಂದ ವೇಲ್ಸಪ್ಪ ನಮ್ಮ ಮನೆತನದ ಅಧಿಕೃತ ಹಿರಿಯ.

ಇನ್ನು ಮಾಮನ ಸ್ವಂತ ಫುಟ್‌ಬಾಲಿನ ಬಗ್ಗೆ ಹೇಳದಿದ್ದರೆ ಅವನಿಗೆ ಬೇಸರವಾಗುತ್ತದೆ. ಬಂದರಿನ ಗ್ಯಾಂಗಿನವರಿಗೂ ಟ್ರಕ್ ಡ್ರೈವರುಗಳಿಗೂ ಭಾನುವಾರ ಪಂದ್ಯ ನಡೆಯುತ್ತಿತ್ತು. ಮಾಮ ಎಡ ಅಂಚಿನಲ್ಲಿ ನಿಂತರೆ ಮುಗಿಯಿತು, ಬಂಗಾರ ಕೊಡುತ್ತೇವೆ ಎಂದರೂ ನಡುವಿಗೆ ಬರುತ್ತಿರಲಿಲ್ಲ. ಒಮ್ಮೆ ಚೆಂಡು ಸಿಕ್ಕಿತು ನೋಡಿ, ಅಂಚು ಹಿಡಿದು ಓಡಿದ, ಓಡಿದ, ಮೈದಾನ ಮುಗಿದರೂ ಓಡಿದ. ರಸ್ತೆ ದಾಟಿ ಚಹಾದಂಗಡಿಯ ಬೆಂಚಿಗೆ ಡಿಕ್ಕಿ ಹೊಡೆದು ನಿಂತ. ಅಂಗಡಿಯವನು ಅರ್ಧ ಕಪ್ ಚಹಾ ಕೊಟ್ಟ. ಹಿಂದಿನಿಂದ ರೆಫ್ರಿಯಾಗಿದ್ದ ಪಂಚರು ಸೀಟಿ ಊದುತ್ತ ಓಡಿಬಂದು ಚೆಂಡು ಹೊರಗೆ ಹೋಗಿದೆ ಎಂದರೆ ಮಾಮ ಒಪ್ಪಲೇ ಇಲ್ಲ. ಎಲ್ಲಿದೆ ಗೆರೆ, ತೋರಿಸಿ ಎಂದು ಕೂತ. ಮೈದಾನಕ್ಕೆ ಸುಣ್ಣದ ಗೆರೆ ಹಾಕಿರಲಿಲ್ಲ, ನಿಜ. “ಗೆರಿ ಇದ್ರ ಅದು ಆಟ. ಗೆರಿ ಇಲ್ಲಂದ್ರ ಬರೇ ಓಡ್ಯಾಟ,” ಎಂದು ಚಹಾ ಕುಡಿದು ಮುಗಿಸಿದ. ಪಂದ್ಯ ಅಲ್ಲಿಗೇ ರದ್ದಾಯಿತು.

ಈಗ ನನ್ನ ಕಥೆ. ಹತ್ತನೆಯ ತರಗತಿಯಲ್ಲಿ ನಾನು ಗಣಿತದಲ್ಲಿ ಫೇಲಾದೆ. ಸಾಧಾರಣ ಫೇಲಲ್ಲ, ಮೇಷ್ಟ್ರೇ ನನ್ನ ಅಂಕ ಹೇಳಲು ನಾಚಿಕೊಂಡರು. ಎರಡು ದಿನ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಮಾಮ ಬಂದು ಪಕ್ಕದಲ್ಲಿ ಕೂತ. ಪುಟದಲ್ಲಿಲ್ಲದ ಆ ಕೊನೆಯ ನಿಮಿಷ ತನಗೆ ಗೊತ್ತಿದೆ, ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ ಎಂದ. ವೇಲ್ಸಪ್ಪ ಹೊಡೆದ ಚೆಂಡು ಗೋಲಿನ ಹೊರಗೆ ಹೋಯಿತಂತೆ. ತಂಡ ಸೋತಿತು. ಊರಿಗೆ ಹೋಗುವ ರೈಲಿನಲ್ಲಿ ಟೊಪ್ಪಿಗೆ ಮುಖದ ಮೇಲೆ ಎಳೆದುಕೊಂಡು ಕೂತ. ತನ್ನ ಸ್ಟೇಶನ್ನಿನಲ್ಲಿ ಇಳಿಯುವುದೇ ಬೇಡವೆನಿಸಿತು. ಇಳಿದು ನೋಡಿದರೆ ಗಣಿಯವರೆಲ್ಲ ತಮ್ಮ ತಲೆಯ ದೀಪ ಹಚ್ಚಿಕೊಂಡು ಸಾಲಾಗಿ ನಿಂತಿದ್ದರು.

“ಯಾರೂ ಏನೂ ಅನಲಿಲ್ಲವ್ವಾ,” ಎಂದ ಮಾಮ. “ಒಬ್ಬಾಂವ ಅಷ್ಟ ಅಂದ. ಬರೋ ಶನಿವಾರ ಮತ್ತ ಆಟ ಐತಿ, ಬೂಟ್ ಒರಸಿ ಇಡು.”

ನಾನು ಎದ್ದು ಊಟ ಮಾಡಿದೆ. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾದೆ.

ಇದಾಗಿ ಐದಾರು ವರ್ಷಕ್ಕೆ, ಸವಣೂರಿನ ಟ್ರಕ್ ಚಾಚಾನ ಜೊತೆ ಮಾತಾಡುವಾಗ ನನಗೆ ಗರ ಬಡಿಯಿತು. ಈ ಚಾಚಾ ಮಾಮನ ಜೊತೆ ಪಂದ್ಯ ಆಡುತ್ತಿದ್ದ ಡ್ರೈವರು. ಒಮ್ಮೆ ಘಾಟಿನಲ್ಲಿ ಅವನ ಟ್ರಕ್ ಮಗುಚಿ ಬಿದ್ದು, ಮೈಗೆ ಏನೂ ಆಗದಿದ್ದರೂ ಸ್ಟಿಯರಿಂಗ್ ಹಿಡಿಯಲು ಕೈ ನಡುಗುತ್ತಿತ್ತಂತೆ. ಆಗ ಮಾಮ ಅವನಿಗೆ ‘ಯಾರಿಗೂ ಹೇಳದ’ ಕೊನೆಯ ನಿಮಿಷ ಹೇಳಿದ್ದ. ಅದರಲ್ಲಿ ವೇಲ್ಸಪ್ಪನ ಕಾಲು ಕ್ಷಣಕಾಲ ನಡುಗಿತು, ಆದರೂ ಹೊಡೆದ, ಗೋಲಾಯಿತು! ಬಲೆ ಇಲ್ಲದ್ದರಿಂದ ಚೆಂಡು ಹಿಂದಿನ ಕುರಿ ಹಿಂಡಿನೊಳಗೆ ಹೋಯಿತು, ಜನವೆಲ್ಲ ಕುರಿಗಳ ಹಿಂದೆ ಓಡಿತು.

ನಾನು ಸೋತ ಎಂದೆ, ಚಾಚಾ ಗೆದ್ದ ಎಂದ. ಕುತ್ತಿಗೆಯ ನರ ಉಬ್ಬಿಸಿಕೊಂಡು ಇಬ್ಬರೂ ಮಾಮನ ಮುಂದೆ ಹೋಗಿ ನಿಂತೆವು. ಸಿಕ್ಕಿಬಿದ್ದ ಕಳ್ಳನ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಬೇಡವೆ? ಮಾಮ ತಲೆ ಕೆರೆದುಕೊಂಡು, “ಇಬ್ಬರಿಗೂ ಖರೇನ ಹೇಳೇನಿ,” ಎಂದ. ಆಮೇಲೆ ವಿಚಾರಿಸಿದರೆ ಚಾಳಿನ ತುಂಬ ಕೊನೆಯ ನಿಮಿಷಗಳು! ತಮ್ಮನ ಜೊತೆ ಮಾತು ಬಿಟ್ಟ, ಗ್ಯಾಂಗಿನ ಮೇಲ್ವಿಚಾರಕ ಮುಕಾದಮನಿಗೆ ಒಂದು, ಹೆಂಡತಿ ತವರಿಗೆ ಹೋದ ಗಾರೆಯವನಿಗೆ ಒಂದು, ಕೊನೆಗಾಲದಲ್ಲಿ ಅಂಕಲ್ಲಿಗೂ ಒಂದು. ಪುಟವನ್ನು ಓದಿ ಹೇಳಿದವರಿಗೇ!

ನಾನೀಗ ಗೋವಾದಲ್ಲೇ, ಕೊರ್ಲಿಮಿನ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮಾತ್ರೆಯ ಪಟ್ಟಿಗಳು ಮುಂದೆ ಸರಿದು ಹೋಗುವಾಗ ಯಾವ ಪಟ್ಟಿಯಲ್ಲಿ ಒಂದು ಗುಳಿ ಖಾಲಿ ಇದೆ ಎಂದು ಹಿಡಿಯುವುದು ನನ್ನ ಕೆಲಸ. ಹೀಗೆ ದಿನಕ್ಕೆ ಎಂಟು ತಾಸು ಖಾಲಿ ಗುಳಿ ಹುಡುಕುವವಳಿಗೆ ವೇಲ್ಸಪ್ಪನ ಖಾಲಿ ಗುಳಿ ಕಣ್ಣಿಗೆ ಚುಚ್ಚದೆ ಇರುತ್ತದೆಯೇ? ಮೊಬೈಲಿನಲ್ಲಿ ಹುಡುಕಿದರೆ ಆಯಿತಲ್ಲ ಮಾಮಾ ಎಂದು ಎಷ್ಟೋ ಸಲ ಅಂದೆ. ಅವನು ಕೈ ಮುಗಿದ. ಹುಡುಕಬೇಡ, ಸಿಕ್ಕಿಬಿಟ್ಟರೆ ಅದೊಂದೇ ಉಳಿಯುತ್ತದೆ, ಉಳಿದವರಿಗೆ ನಾನು ಏನು ಹೇಳಲಿ ಎಂದ. ಹುಡುಕುವುದಿಲ್ಲ ಎಂದು ಮಾತು ಕೊಟ್ಟೆ.

ಕೊಟ್ಟ ಮಾತನ್ನು ಹನ್ನೊಂದು ದಿನ ಉಳಿಸಿಕೊಂಡೆ. ಹನ್ನೆರಡನೆಯ ದಿನ ಕೊರ್ಲಿಮಿನ ಬಸ್‌ಸ್ಟಾಪಿನಲ್ಲಿ ನಿಂತು ಆ ಉದ್ದನೆಯ ಹೆಸರನ್ನು ಒತ್ತಿದೆ. ಸಿಕ್ಕಿದ್ದು ನಾಲ್ಕು ಸಾಲು. ಕೊನೆಯ ನಿಮಿಷದಲ್ಲಿ ಎದುರಾಳಿ ಬಂದು ಡಿಕ್ಕಿ ಹೊಡೆದ, ಬಿದ್ದವನ ಮೊಣಕಾಲು ಹೋಯಿತು, ಪಂದ್ಯ ಸಮವಾಗಿಯೇ ಮುಗಿಯಿತು, ಅವನು ಮತ್ತೆಂದೂ ಆಡಲಿಲ್ಲ. ಆಮೇಲಿನ ಜೀವನದ ಬಗ್ಗೆ ಏನೂ ತಿಳಿದುಬಂದಿಲ್ಲ. ಇಷ್ಟೇ. ಗೋಲೂ ಇಲ್ಲ, ದೀಪವೂ ಇಲ್ಲ, ಕುರಿಯೂ ಇಲ್ಲ. ನಾನು ಮೊಬೈಲು ಆರಿಸಿ ಚೀಲದೊಳಗೆ ಹಾಕಿಕೊಂಡೆ. ಎರಡು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮಾಮನ ಮನೆಯ ಚಹಾ ಕುಡಿದೆ.

ಈ ಸಲದ ಮಳೆಗಾಲದಲ್ಲಿ ಮಾಮನ ಮೊಣಕಾಲು ಹೋಯಿತು. ಎಲ್ಲಿ ಎಂದುಕೊಂಡಿರಿ? ಹಡಗಿನಲ್ಲಲ್ಲ, ಮೈದಾನದಲ್ಲಲ್ಲ. ವೇಲ್ಸಪ್ಪನ ಕಟ್ಟಿನ ಧೂಳು ಒರೆಸಿ ಸ್ಟೂಲಿನಿಂದ ಇಳಿಯುವಾಗ! ಮೊಣಕಾಲಿನೊಳಗೆ ಸವೆಯಲು ಇನ್ನೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದರು. ಭಾರ ಎತ್ತುವ ಮಾತೇ ಇಲ್ಲ. ಗ್ಯಾಂಗಿನವರು ಅವನಿಗಾಗಿ ಓಡಾಡಿ ಹಗುರ ಕೆಲಸ ಕೊಡಿಸಿದರು. ಹಡಗು ಬಂದು ನಿಲ್ಲುವ ಧಕ್ಕೆಯ ಮೇಲೆ ಜನ ಎಲ್ಲಿ ನಿಲ್ಲಬೇಕು, ಕ್ರೇನು ಎಲ್ಲಿ ಓಡಾಡಬೇಕು ಎಂದು ತೋರಿಸಲು ಹಳದಿ ಗೆರೆಗಳಿರುತ್ತವೆ. ಅವು ಅಳಿಸಿದಾಗ ಕೂತುಕೊಂಡು ಬಣ್ಣ ಹಚ್ಚುವುದು. ಸೋಮವಾರದಿಂದ ಬಾ ಎಂದರು. ಮಾಮ ಹೋಗಲಿಲ್ಲ. ಮೂವತ್ತು ವರ್ಷ ಅದಿರನ್ನೂ ಸರಕನ್ನೂ ಎತ್ತಿದ ಕೈಗೆ ಬ್ರಷ್ಷು ಹಿಡಿಸಿದರಲ್ಲ ಎಂದು ಒಂದೇ ಸಮನೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಇನ್ನೊಂದು ಸೋಮವಾರ ಹೋಯಿತು. ಬರುವ ಸೋಮವಾರ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಮುಕಾದಮ ಹೇಳಿಕಳಿಸಿದ. ಅತ್ತೆ ನನಗೆ ಫೋನು ಮಾಡಿದಳು. ಮಾಮ ಊಟ ಬಿಟ್ಟಿದ್ದಾನೆ ಎನ್ನಲಿಲ್ಲ. ವೇಲ್ಸಪ್ಪನ ಹೆಸರು ಎತ್ತಿ ಹದಿನೈದು ದಿನವಾಯಿತು ಎಂದಳು.

ಭಾನುವಾರ ಬೆಳಗ್ಗೆ ಹೋದೆ. ಅವರಿಗೆ ಮಕ್ಕಳಿಲ್ಲ, ಇದ್ದವಳು ನಾನೊಬ್ಬಳು. ಮಂಚದ ಪಕ್ಕ ಕೂತೆ. ಮಾಮ ಗೋಡೆಯ ಕಡೆಯೇ ನೋಡುತ್ತ ಕೇಳಿದ.

“ನೀ ಮೊಬೈಲಿನಾಗ ನೋಡಿದಿ. ಹೌದಿಲ್ಲೋ?”

ಇವನಿಗೆ ಹೇಗೆ ಗೊತ್ತಾಯಿತು? ನಾನು ಹೌದೆಂದೆ. ಎರಡು ವರ್ಷದಿಂದ ನೀನು ಅವನ ಚಿತ್ರದ ಕಡೆ ನೋಡದೆ ಚಹಾ ಕುಡಿಯುತ್ತೀಯ ಎಂದ.

“ಹೇಳು. ಈ ಸಲ ಖರೇ ಹೇಳು.”

ಬಿದ್ದ ಎಂದೆ. ಮೊಣಕಾಲು ಹೋಯಿತು ಎಂದೆ. ಮತ್ತೆ ಆಡಲಿಲ್ಲ ಎಂದೆ. ಒಂದೊಂದು ಮಾತಿಗೂ ಮಾಮ ‘ಹೂಂ’ ಎನ್ನುತ್ತಿದ್ದ. ಕೊನೆಗೆ, “ಆಮ್ಯಾಲೆ?” ಎಂದ.

ಆಮೇಲೆ ಏನೂ ತಿಳಿದುಬಂದಿಲ್ಲ. ಮೊಬೈಲಿನಲ್ಲಿ ಹಾಗೇ ಇತ್ತು. ಆದರೆ ನನ್ನ ಬಾಯಿ ತೆರೆದಾಗ ಬಂದ ಮಾತೇ ಬೇರೆ.

“ಆಮ್ಯಾಲೆ ಅಂವಗ ಮೈದಾನಕ್ಕ ಗೆರಿ ಹಾಕೋ ಕೆಲಸ ಕೊಟ್ರು, ಮಾಮಾ. ಮೊದಲ ಅಂವ ಒಲ್ಲೆ ಅಂದ. ಅಂವ ಹೋಗಲಾರದ ಶನಿವಾರ ಆಟ ನಿಂತಬಿಡ್ತು. ಗೆರಿ ಇಲ್ಲಂದ್ರ ಬರೇ ಓಡ್ಯಾಟ ಅಂತ ಮಂದಿ ಮನಿಗೆ ಹ್ವಾದ್ರು. ಮುಂದಿನ ವಾರ ಅಂವ ಬಂದ. ಸಾಯೂತನಕ ಅಂವಾನ ಹಾಕಿದ.”

ಮಾಮ ಹೊರಳಿದ. ನನ್ನ ಮುಖವನ್ನು ತುಂಬ ಹೊತ್ತು ನೋಡಿದ. ಗಣಿತದ ಮೇಷ್ಟ್ರ ಮುಂದೆಯೂ ನನಗೆ ಅಷ್ಟು ಬೆವರು ಬಂದಿರಲಿಲ್ಲ. ಕೊನೆಗೆ ಕೇಳಿದ.

“ಸುಣ್ಣದಾಗೋ, ಬಣ್ಣದಾಗೋ?”

“ಸುಣ್ಣದಾಗ.”

ಮಾಮ ಎದ್ದು ಕೂತ. ಸುಣ್ಣ ಮಳೆಗೆ ನಿಲ್ಲುವುದಿಲ್ಲ, ವೇಲ್ಸಿನಲ್ಲಿ ಮಳೆ ಬಹಳ, ಪಾಪ ಅವನು ಪ್ರತಿ ವಾರ ಹೊಸದಾಗಿ ಹಾಕಬೇಕಾಗುತ್ತಿತ್ತು ಎಂದು ಮರುಗಿದ. ನಮ್ಮ ಧಕ್ಕೆಯ ಹಳದಿ ಬಣ್ಣ ಹಾಗಲ್ಲ, ಒಂದು ಸಲ ಸರಿಯಾಗಿ ಹಚ್ಚಿದರೆ ವರ್ಷ ತಡೆಯುತ್ತದೆ ಎಂದ. ಆಮೇಲೆ ಅತ್ತೆಯನ್ನು ಕರೆದು ಚಹಾ ಕೇಳಿದ. ಮರುದಿನ ಬೆಳಗ್ಗೆ ಕೋಲೂರಿಕೊಂಡು ಕೆಲಸಕ್ಕೆ ಹೋದ.

ಈಗ ಬಂದರಿನಲ್ಲಿ ಮಾಮನ ಕಾಟ ಹೇಳತೀರದು. ಮ್ಯಾನೇಜರೇ ಆಗಲಿ, ಹಡಗಿನಿಂದ ಇಳಿದ ಕಪ್ತಾನನೇ ಆಗಲಿ, ಹಸಿ ಗೆರೆಯ ಮೇಲೆ ಕಾಲಿಟ್ಟರೆ ಸೀಟಿ ಊದುತ್ತಾನೆ! ಸೀಟಿ ಎಲ್ಲಿಂದ ತಂದ ಎಂದು ಕೇಳಬೇಡಿ, ಆ ರದ್ದಾದ ಪಂದ್ಯದ ಪಂಚರದ್ದೇ. ವೇಲ್ಸಪ್ಪ ಕೊನೆಗೆ ಗೆರೆ ಹಾಕುವವನಾದ ಕಥೆಯನ್ನು ಟ್ರಕ್ ಚಾಚಾನಿಗೆ ಹೇಳಿದ್ದಾನೆ, ಮುಕಾದಮನಿಗೆ ಹೇಳಿದ್ದಾನೆ, ಮೊಬೈಲಿನಲ್ಲಿಯೇ ಇದೆ ಎಂದು ಆಣೆಯನ್ನೂ ಮಾಡಿದ್ದಾನೆ. ಮೊಬೈಲಿನವರಿಗೆ ಮಾತ್ರ ಇದು ಗೊತ್ತಿಲ್ಲ.

ಮೊನ್ನೆ ಮಾನಮಿ ಅಮಾವಾಸ್ಯೆಗೆ ಹೋಗಿದ್ದೆ. ಅತ್ತೆ ಎಂದಿನಂತೆ ಹೋಳಿಗೆ ಎಡಕ್ಕೆ, ತುಪ್ಪ ಎಡಕ್ಕೆ ಇಟ್ಟಳು. ಮಾಮ ಮೆಲ್ಲಗೆ ಕೂತು, ಅಂಗಿಯ ಜೇಬಿನಿಂದ ಸುಣ್ಣದ ಸಣ್ಣ ಡಬ್ಬಿಯೊಂದನ್ನು ತೆಗೆದು ಎಡೆಯ ಎಡಕ್ಕಿಟ್ಟ. ನನಗೆ ನಗು ಬಂತು. ಅತ್ತೆ ಒಳಗೆ ಹೋಗುವುದನ್ನೇ ಕಾದು ಮಾಮ ನನ್ನ ಕಡೆ ತಿರುಗಿದ.

“ಗೆರಿ ಹಾಕಿದ್ದು ಅದರಾಗ ಇರಲಿಲ್ಲ. ಹೌದಿಲ್ಲೋ?”

ಇನ್ನು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. “ಇರಲಿಲ್ಲ, ಮಾಮಾ.”

“ನನಗ ಅವತ್ತ ಗೊತ್ತಾಗಿತ್ತು,” ಎಂದ. ವಿಭೂತಿ ಹಚ್ಚಿದ ವೇಲ್ಸಪ್ಪನ ಹಣೆಯನ್ನು ನೋಡುತ್ತಲೇ ಹೇಳಿದ. “ಎಲ್ಲಾರಿಗೂ ನಾ ಹೇಳಕೋಂತ ಬಂದೆ. ನನಗೂ ಯಾರರ ಒಬ್ಬರು ಹೇಳಬೇಕಾಗಿತ್ತವ್ವಾ.”

ಅತ್ತೆ ಚಹಾ ತಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಸುಣ್ಣದ ಡಬ್ಬಿಯ ಪಕ್ಕ, ಎಡಕ್ಕೇ ಇಟ್ಟೆ.